ಏಳು ಪುಸ್ತಕಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡು ಒಂದನ್ನೂ ಮುಗಿಸಲಾಗುತ್ತಿಲ್ಲ

ಪ್ರಶ್ನೆ: ಅರ್ಧಓದು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವವನು. ದಿನಕ್ಕೆ ಒಂದೂವರೆ ಗಂಟೆ ಮೆಟ್ರೊ ಮತ್ತು ಬಸ್ಸಿನಲ್ಲಿ ಕಳೆಯುತ್ತದೆ, ರಾತ್ರಿ ಊಟವಾದ ಮೇಲೆ ಇನ್ನೂ ಮುಕ್ಕಾಲು ಗಂಟೆ ಸಿಗುತ್ತದೆ. ಆದ್ದರಿಂದ ಓದಲು ಸಮಯವಿಲ್ಲವೆಂದು ನಾನು ದೂರುವಂತಿಲ್ಲ. ದೂರು ಇರುವುದು ನನ್ನ ಮೇಲೆಯೇ. ಕಳೆದ ಭಾನುವಾರ ಮನೆ ಗುಡಿಸಿ ಒರೆಸುವಾಗ, ನಾನು ಅಲ್ಲಲ್ಲಿ ಬೋರಲು ಹಾಕಿದ್ದ ಪುಸ್ತಕಗಳನ್ನೆಲ್ಲ ಮನೆಯವರು ಆಯ್ದು ತಂದು ಊಟದ ಮೇಜಿನ ಮೇಲೆ ಪೇರಿಸಿದ್ದರು. ಎಣಿಸಿದೆ, ಏಳಿದ್ದವು. ಹಾಸಿಗೆಯ ಪಕ್ಕ ಮೂರು, ದಿವಾನದ ಮೇಲೆ ಎರಡು, ಕಚೇರಿಯ ಚೀಲದಲ್ಲಿ ಒಂದು, ಫ್ರಿಜ್ಜಿನ ಮೇಲೆ ಒಂದು. ಮೊಬೈಲಿನಲ್ಲಿ ಅರ್ಧಕ್ಕೆ ನಿಂತಿರುವ ಇ-ಪುಸ್ತಕಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಅವುಗಳಲ್ಲಿ ಒಂದನ್ನು ಬಿಡಿಸಿ ನೋಡಿದರೆ 212ನೆಯ ಪುಟದಲ್ಲಿ ಗುರುತಿಗೆಂದು ಗ್ಯಾಸ್ ಸಿಲಿಂಡರಿನ ರಸೀದಿ ಇಟ್ಟಿದ್ದೆ. ಅದರ ತಾರೀಖು ಹದಿನಾಲ್ಕು ತಿಂಗಳ ಹಿಂದಿನದು. ಅಲ್ಲಿಂದ ಮುಂದಕ್ಕೆ ಎರಡು ಪುಟ ಓದಿದೆ. ಯಾರು ಯಾರ ಮೇಲೆ ಏಕೆ ಸಿಟ್ಟಾಗಿದ್ದಾರೆಂಬುದೇ ತಿಳಿಯಲಿಲ್ಲ. ಇದಕ್ಕಿಂತಲೂ ನಾಚಿಕೆಯ ಸಂಗತಿ ಇನ್ನೊಂದಿದೆ. ಕುವೆಂಪು ಅವರ ಎರಡೂ ಕಾದಂಬರಿಗಳನ್ನು ಈ ವರ್ಷವಾದರೂ ಓದಿಬಿಡಬೇಕೆಂಬ ಹಟದಲ್ಲಿ ‘ಕಾನೂರು ಹೆಗ್ಗಡಿತಿ’ಯನ್ನು ಚೀಲದಲ್ಲಿಯೂ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಹಾಸಿಗೆಯ ಪಕ್ಕದಲ್ಲಿಯೂ ಇಟ್ಟುಕೊಂಡೆ. ಒಂದು ರಾತ್ರಿ ಹೂವಳ್ಳಿಯ ಪ್ರಸಂಗವನ್ನು ಓದುತ್ತ, ಇಲ್ಲಿಗೆ ಹೂವಯ್ಯ ಯಾವಾಗ ಬರುತ್ತಾನೆಂದು ಕಾಯುತ್ತಲೇ ಇದ್ದೆ. ಮೂರು ಪುಟ ಕಳೆದ ಮೇಲೆ ಹೊಳೆಯಿತು, ಅವನಿರುವುದು ಚೀಲದಲ್ಲಿರುವ ಪುಸ್ತಕದಲ್ಲಿ.

ಪುಸ್ತಕವನ್ನು ಎಂಜಲು ಮಾಡಿ ಬಿಡಬಾರದು, ಹಿಡಿದದ್ದನ್ನು ಮುಗಿಸಿಯೇ ಮತ್ತೊಂದಕ್ಕೆ ಕೈ ಹಾಕಬೇಕು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಆದರೆ ನನಗೆ ಬೆಳಗಿನ ನೂಕುನುಗ್ಗಲಿನಲ್ಲಿ ಓದಬೇಕೆನಿಸುವ ಪುಸ್ತಕ ರಾತ್ರಿ ಬೇಡವೆನಿಸುತ್ತದೆ. ಹಲವು ಪುಸ್ತಕಗಳನ್ನು ಜೊತೆಜೊತೆಗೆ ಓದುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಒಗ್ಗಿದೆಯೇ? ಒಗ್ಗಿದ್ದರೆ, ಒಂದರ ಎಳೆ ಇನ್ನೊಂದಕ್ಕೆ ತೊಡರದಂತೆ ಹೇಗೆ ಓದುತ್ತೀರಿ? ಅಥವಾ ಏಳನ್ನೂ ಕಪಾಟಿಗೆ ಸೇರಿಸಿ ಒಂದರಿಂದ ಹೊಸದಾಗಿ ಪ್ರಾರಂಭಿಸುವುದೇ ವಾಸಿಯೇ?

ಉತ್ತರ: ಹಳೇಸಂಚಿಕೆ

ತಮ್ಮ ತಂದೆಯವರ ಮಾತಿನ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಏಕಕಾಲಕ್ಕೆ ನಾಲ್ಕಾರು ಕಾದಂಬರಿಗಳನ್ನು ಓದುವುದು ನಮ್ಮಲ್ಲಿ ಈಚಿನ ಚಾಳಿಯೇನಲ್ಲ. ಧಾರಾವಾಹಿ ಎಂದರೆ ಟಿ.ವಿ.ಯದೆಂದು ಈಗಿನವರು ತಿಳಿಯುತ್ತಾರೆ. ನಮ್ಮ ಕಾಲಕ್ಕೆ ಅದು ವಾರಪತ್ರಿಕೆಯಲ್ಲಿ ಬರುತ್ತಿತ್ತು. ‘ಸುಧಾ’ ಪ್ರಾರಂಭವಾದದ್ದು 1965ರಲ್ಲಿ, ‘ತರಂಗ’ 1983ರಲ್ಲಿ. ಎಂಬತ್ತರ ದಶಕದ ನಡುವಿನಲ್ಲಿ ಮೈಸೂರಿನ ನಮ್ಮ ವಠಾರದಲ್ಲಿ ಒಂದೊಂದು ಮನೆಯವರು ಒಂದೊಂದು ಪತ್ರಿಕೆ ತರಿಸುತ್ತಿದ್ದರು, ಅವು ಮನೆಯಿಂದ ಮನೆಗೆ ಸುತ್ತುತ್ತಿದ್ದವು. ಹೀಗಾಗಿ ನನ್ನ ತಾಯಿಯವರು ಯಾವುದೇ ವಾರದಲ್ಲಿ ನೋಡಿದರೂ ನಾಲ್ಕೈದು ಕಾದಂಬರಿಗಳ ನಡುವೆ ಇರುತ್ತಿದ್ದರು. ಒಂದು ಕಂತಿಗೂ ಮುಂದಿನ ಕಂತಿಗೂ ಏಳು ದಿನದ ಅಂತರ. ಒಂದು ಕಥೆಯ ಸೊಸೆಯನ್ನು ಇನ್ನೊಂದು ಕಥೆಯ ಅತ್ತೆಯ ಮನೆಗೆ ಅವರು ಎಂದೂ ಕಳುಹಿಸಿದವರಲ್ಲ.

ಇದು ಅವರ ಜ್ಞಾಪಕಶಕ್ತಿಯ ಹೆಚ್ಚುಗಾರಿಕೆ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಹಾಗೆನಿಸುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಆಗ ಲೇಖಕರೇ ನಿಶ್ಚಯಿಸುತ್ತಿದ್ದರು. ಕಂತು ಒಂದು ಘಟ್ಟಕ್ಕೆ ಬಂದು ನಿಲ್ಲುತ್ತಿತ್ತು. ನಾವಾದರೋ ನಿದ್ದೆ ಬಂದ ಕಡೆ, ಇಳಿಯುವ ನಿಲ್ದಾಣ ಬಂದ ಕಡೆ, ವಾಕ್ಯದ ನಡುವೆಯೇ ಪುಸ್ತಕ ಮುಚ್ಚುತ್ತೇವೆ. ಕಂತಿನ ತಲೆಯ ಮೇಲೆ ‘ಇಲ್ಲಿಯವರೆಗೆ’ ಎಂಬ ಶೀರ್ಷಿಕೆಯಲ್ಲಿ ಹಿಂದಿನ ಕಥೆಯ ಸಾರವನ್ನು ನಾಲ್ಕಾರು ಸಾಲುಗಳಲ್ಲಿ ಕೊಡುವ ಪದ್ಧತಿಯೂ ಇತ್ತು. ಇವೆರಡಕ್ಕಿಂತ ದೊಡ್ಡದು ನೀರು ಹಿಡಿಯುವ ಹೊತ್ತಿನ ಮಾತು. ಆ ಹುಡುಗಿ ಊರು ಬಿಟ್ಟು ಹೋಗುತ್ತಾಳೆಯೇ, ಆ ಪತ್ರ ಗಂಡನ ಕೈಗೆ ಸಿಗುತ್ತದೆಯೇ ಎಂದು ವಾರವಿಡೀ ನಲ್ಲಿಯ ಬಳಿ ಚರ್ಚೆ ನಡೆಯುತ್ತಿದ್ದರೆ ಕಥೆ ಮರೆಯುವುದಾದರೂ ಹೇಗೆ?

ಧಾರಾವಾಹಿಯ ಹಾಳೆಗಳನ್ನು ಹರಿದು ಜೋಡಿಸಿ, ದಬ್ಬಳದಿಂದ ತೂತು ಮಾಡಿ, ಹುರಿಯಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ರಟ್ಟಿಗೆ ಅಂಟಿಸಿ ತಾಯಿಯವರು ಮಾಡಿಕೊಂಡಿದ್ದ ಪುಸ್ತಕಗಳಲ್ಲಿ ಒಂದು ಇಂದಿಗೂ ನನ್ನಲ್ಲಿದೆ. ಪುಟದ ಹಿಂಬದಿಯಲ್ಲಿ ಸೋಪಿನ ಜಾಹೀರಾತು, ಅರ್ಧ ಕತ್ತರಿಸಿಹೋದ ಹೀರೇಕಾಯಿ ಚಟ್ನಿಯ ವಿಧಾನ. ನಡುವೆ ಒಂದು ಸಂಚಿಕೆ ಅವರಿಗೆ ಸಿಕ್ಕಿರಲಿಲ್ಲ. ಆ ಜಾಗದಲ್ಲಿ ಒಂದು ಬಿಳಿಯ ಹಾಳೆಯನ್ನು ಸೇರಿಸಿ, ಎದುರು ಮನೆಯವರು ಹೇಳಿದ ಕಥಾಭಾಗವನ್ನು ತಮ್ಮ ಅಕ್ಷರದಲ್ಲಿ ಹನ್ನೊಂದು ಸಾಲು ಬರೆದಿದ್ದಾರೆ. ಅದರ ಕೊನೆಯ ಸಾಲು ಹೀಗಿದೆ: “ಇಷ್ಟೇ ಎಂದು ಹೇಳಿದರು, ಪೂರ್ತಿ ನಂಬಿಕೆಯಿಲ್ಲ.”

ತಾವು ಮಾಡಬೇಕಾದದ್ದೂ ಆ ಹನ್ನೊಂದು ಸಾಲಿನ ಕೆಲಸವನ್ನೇ. ಪುಸ್ತಕ ಮುಚ್ಚುವಾಗ ಅಧ್ಯಾಯದ ಕೊನೆಗೆ ಬಂದು ಮುಚ್ಚಿ. ರಸೀದಿಯನ್ನು ಸುಮ್ಮನೆ ಇಡುವ ಬದಲು ಅದರ ಬೆನ್ನಿನಲ್ಲಿ ಎರಡು ಸಾಲು ಬರೆದಿಡಿ: ಯಾರು ಎಲ್ಲಿದ್ದಾರೆ, ಏನನ್ನು ಕಾಯುತ್ತಿದ್ದಾರೆ ಎಂದು. ಮನೆಯವರು ಕೇಳುವ ಮನಸ್ಸು ಮಾಡಿದರೆ ಊಟದ ಹೊತ್ತಿನಲ್ಲಿ ಬಾಯಲ್ಲಿಯೂ ಹೇಳಿ.

ಉತ್ತರ: ಮಲೆನಾಡಿನವ

ಮೇಲಿನವರ ನೆನಪು ಸೊಗಸಾಗಿದೆ, ಆದರೆ ಪ್ರಶ್ನೆ ಕೇಳಿದವರಿಗೆ ಅದು ಅರ್ಧ ಮಾತ್ರ ಒದಗುತ್ತದೆ. ಕಂತಿಗೆಂದೇ ಬರೆದ ಕಥೆ ಬಿಟ್ಟು ಬಿಟ್ಟು ಓದಿದರೂ ನಿಲ್ಲುತ್ತದೆ. ‘ಮಲೆಗಳಲ್ಲಿ ಮದುಮಗಳು’ ಅಂಥ ಕೃತಿಯಲ್ಲ. ಅದಕ್ಕೆ ಒಬ್ಬ ನಾಯಕನಿಲ್ಲ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ, ಹೀಗೆ ಒಂದೊಂದು ಜೋಡಿಯ ಕಥೆಯೂ ಸ್ವಲ್ಪ ದೂರ ನಡೆದು ಕಾಡಿನಲ್ಲಿ ಮರೆಯಾಗಿ, ಬಹಳ ಹೊತ್ತಿನ ಮೇಲೆ ಇನ್ನೊಂದು ಕಡೆಯಿಂದ ಹೊರಬರುತ್ತದೆ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಎಂಬ ಊರುಮನೆಗಳಲ್ಲಿ ಯಾರು ಯಾವ ಮನೆಯವರು, ಯಾರು ಯಾರ ಆಳು, ಯಾರಿಗೆ ಎಲ್ಲಿಯ ನಂಟು ಎಂಬುದು ತಲೆಯಲ್ಲಿ ಕೂರದೆ ಮುಂದಿನ ಪುಟ ರುಚಿಸುವುದಿಲ್ಲ. ಆ ಒಂದು ಕಾದಂಬರಿಯನ್ನು ಓದುವುದೆಂದರೆ ನಾಲ್ಕೈದು ಪುಸ್ತಕಗಳನ್ನು ಜೊತೆಗೆ ಓದಿದಂತೆಯೇ. ಅದರ ಪಕ್ಕದಲ್ಲಿ ಇನ್ನೂ ಆರನ್ನು ಇಟ್ಟುಕೊಂಡು ತೊಡರಿಕೊಂಡಿತೆಂದರೆ ತಪ್ಪು ನಿಮ್ಮ ಅಭ್ಯಾಸದ್ದಲ್ಲ, ಆಯ್ಕೆಯದು.

ಅದರಲ್ಲಿಯೂ ನೀವು ಜೋಡಿ ಮಾಡಿರುವುದನ್ನು ನೋಡಿ. ಕುವೆಂಪು ಬರೆದ ಕಾದಂಬರಿಗಳೇ ಎರಡು. ಒಂದು 1936ರದು, ಇನ್ನೊಂದು 1967ರದು. ನಡುವೆ ಮೂವತ್ತೊಂದು ವರ್ಷವಿದ್ದರೂ ಅದೇ ಮಲೆನಾಡು, ಅದೇ ಗೌಡರ ಮನೆಗಳು, ಅದೇ ಕಾಡು, ಮಳೆ, ಬೇಟೆ. ಹೋಲಿಕೆಯಿಲ್ಲದ ಎರಡು ಪುಸ್ತಕಗಳು ಮನಸ್ಸಿನಲ್ಲಿ ಬೇರೆ ಬೇರೆ ಗೂಡುಗಳಲ್ಲಿ ಕೂರುತ್ತವೆ. ಒಂದೇ ಸೀಮೆಯ ಎರಡು ಕಾದಂಬರಿಗಳು ಒಂದೇ ಗೂಡಿಗೆ ನುಗ್ಗುತ್ತವೆ. ನಿಮ್ಮ ಹೂವಯ್ಯ ದಾರಿ ತಪ್ಪಿದ್ದರಲ್ಲಿ ಆಶ್ಚರ್ಯವೇನಿಲ್ಲ. (ನಮ್ಮ ಕಡೆಯ ಕಾಡಿನಲ್ಲಿ ಇದಕ್ಕಿಂತ ಸುಲಭವಾಗಿ ದಾರಿ ತಪ್ಪುತ್ತದೆ.)

ನಾನು ಈ ಕಾದಂಬರಿಯನ್ನು ಮೂರು ಸಲ ಹಿಡಿದು ಮೂರು ಸಲವೂ ಕೈಬಿಟ್ಟವನು. ಗುತ್ತಿಯೂ ಅವನ ನಾಯಿ ಹುಲಿಯನೂ ಮೂರು ಸಲವೂ ನನ್ನನ್ನು ಅರ್ಧ ದಾರಿಯಲ್ಲಿ ಬಿಟ್ಟು ನಡೆದುಬಿಟ್ಟರು. ನಾಲ್ಕನೆಯ ಸಲ, ಮಳೆಗಾಲದಲ್ಲಿ ಧರೆ ಕುಸಿದು ರಸ್ತೆ ಮುಚ್ಚಿ ತೋಟದ ಮನೆಯಲ್ಲಿಯೇ ಉಳಿಯಬೇಕಾಗಿ ಬಂದಾಗ, ಬೇರೆ ಯಾವ ಪುಸ್ತಕವೂ ಕೈಗೆಟುಕುವಲ್ಲಿ ಇಲ್ಲದ ಕಾರಣ ಇದೊಂದನ್ನೇ ಓದಿದೆ. ಹಾಳೆಯೊಂದರಲ್ಲಿ ಮನೆಗಳ ಹೆಸರು ಬರೆದು, ಪ್ರತಿಯೊಂದರ ಕೆಳಗೆ ಅಲ್ಲಿಯ ಜನರ ಹೆಸರನ್ನು ಓದುತ್ತಾ ಓದುತ್ತಾ ತುಂಬಿಸಿದೆ. ಹತ್ತೊಂಬತ್ತು ದಿನ ಹಿಡಿಯಿತು. ‘ಕಾನೂರು ಹೆಗ್ಗಡಿತಿ’ ಮುಖ್ಯವಾಗಿ ಒಂದು ಮನೆಯ ಸುತ್ತ ತಿರುಗುವ ಕಥೆಯಾದ್ದರಿಂದ ನೀವು ಮೊದಲು ಅದನ್ನು ಮುಗಿಸಿ. ಮದುಮಗಳಿಗೆ ಬೇರೆಯದೇ ಒಂದು ತಿಂಗಳು ಕೊಡಿ, ಆ ತಿಂಗಳು ಉಳಿದ ಕಾದಂಬರಿಗಳನ್ನು ಮುಟ್ಟಬೇಡಿ.

ಉತ್ತರ: ಗಮಕಪ್ರಿಯ

‘ಇಲ್ಲಿಯವರೆಗೆ’ ಎಂಬುದನ್ನು ಕೇಳಿ ನೆನಪಾದದ್ದನ್ನು ಸೇರಿಸುತ್ತಿದ್ದೇನೆ. ಕುಮಾರವ್ಯಾಸ ಭಾರತದಲ್ಲಿ ಪ್ರತಿ ಸಂಧಿಯ ತಲೆಯ ಮೇಲೂ ‘ಸೂಚನೆ’ ಎಂಬ ಅರ್ಧ ಪದ್ಯದಷ್ಟು ಭಾಗವಿರುತ್ತದೆ. ಆ ಸಂಧಿಯಲ್ಲಿ ನಡೆಯಲಿರುವುದನ್ನು ಅದು ಮುಂಚಿತವಾಗಿಯೇ ಹೇಳಿಬಿಡುತ್ತದೆ. ಕುತೂಹಲವನ್ನು ಕವಿಯೇ ಕೆಡಿಸಿದನಲ್ಲ ಎಂದು ಚಿಕ್ಕಂದಿನಲ್ಲಿ ಅನಿಸುತ್ತಿತ್ತು. ನಮ್ಮ ಊರಿನ ದೇವಸ್ಥಾನದಲ್ಲಿ ಶ್ರಾವಣದ ಸಂಜೆಗಳಲ್ಲಿ ವಾಚನ ವ್ಯಾಖ್ಯಾನ ನಡೆಯುವಾಗ ಅದರ ಉಪಯೋಗ ತಿಳಿಯಿತು. ಕೇಳುವವರಲ್ಲಿ ನಿನ್ನೆ ಬಂದವರು ಇಂದು ಇಲ್ಲ, ಇಂದು ಬಂದವರು ನಿನ್ನೆ ಇರಲಿಲ್ಲ, ಕೆಲವರು ಹಾಲು ಕರೆದು ಮುಗಿಸಿ ನಡುವೆ ಬಂದು ಕುಳಿತವರು. ಅವರೆಲ್ಲರಿಗೂ ಆ ಮೂರು ಸಾಲು ದಾರಿ ತೋರಿಸುತ್ತಿತ್ತು. ಬಿಟ್ಟು ಬಿಟ್ಟು ಓದುವವರು ಮುಂದಿನ ಅಧ್ಯಾಯವನ್ನೊಮ್ಮೆ ಸುಮ್ಮನೆ ಕಣ್ಣಾಡಿಸಿ, ಆಮೇಲೆ ಮೊದಲಿನಿಂದ ಓದುವುದರಲ್ಲಿ ದೋಷವೇನೂ ಇಲ್ಲವೆಂದು ನನ್ನ ಅಭಿಪ್ರಾಯ.

ಉತ್ತರ: ರಾತ್ರಿಪಾಳಿ

ನಾನು ಹುಬ್ಬಳ್ಳಿಯಲ್ಲಿ ಪ್ರಯೋಗಾಲಯದ ತಂತ್ರಜ್ಞೆ. ತಿಂಗಳಿಗೆ ಹತ್ತು ದಿನ ರಾತ್ರಿಪಾಳಿ ಇರುತ್ತದೆ. ಒಂದೇ ಪುಸ್ತಕ ಓದಬೇಕೆಂಬ ನಿಯಮವನ್ನು ಪಾಲಿಸಿದ್ದರೆ ನನ್ನ ಓದು ಎಂದೋ ನಿಂತುಹೋಗುತ್ತಿತ್ತು, ಏಕೆಂದರೆ ರಾತ್ರಿ ಮೂರು ಗಂಟೆಗೆ ನನ್ನಲ್ಲಿರುವ ತಲೆಯೂ ರಜೆಯ ದಿನ ಬೆಳಿಗ್ಗೆ ಇರುವ ತಲೆಯೂ ಒಂದೇ ಅಲ್ಲ. ಪಾಳಿಯಲ್ಲಿ ಯಾವ ಕ್ಷಣದಲ್ಲಾದರೂ ಕರೆ ಬರಬಹುದು. ಅಲ್ಲಿಗೆ ನಾನು ಒಯ್ಯುವುದು ಹಿಂದಿನದನ್ನು ನೆನಪಿಡಬೇಕಿಲ್ಲದ ಪುಸ್ತಕವನ್ನು ಮಾತ್ರ: ಲಲಿತಪ್ರಬಂಧ, ಸಣ್ಣಕಥೆ, ಪ್ರವಾಸಕಥನ. ಕಾದಂಬರಿ ಮನೆಯ ಹೊಸ್ತಿಲು ದಾಟುವುದಿಲ್ಲ. ಇವೆರಡರ ಜೊತೆಗೆ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ದಿನಕ್ಕೆ ಒಂದು ಪದ್ಯ, ಮಲಗುವ ಮುನ್ನ. ಅದರಲ್ಲಿರುವುದು 945 ಪದ್ಯಗಳು. ದಿನ ತಪ್ಪದೆ ಓದಿದರೆ ಎರಡು ವರ್ಷ ಏಳು ತಿಂಗಳು ಬೇಕು. ನಾನೀಗ ಮುನ್ನೂರರ ಆಸುಪಾಸಿನಲ್ಲಿದ್ದೇನೆ. ಅದನ್ನು ಮುಗಿಸಬೇಕೆಂಬ ಅವಸರವೇ ಇಲ್ಲವಾದ್ದರಿಂದ ಅದು ಅರ್ಧಕ್ಕೆ ನಿಂತ ಪುಸ್ತಕವೆಂದು ನನಗೆ ಯಾವತ್ತೂ ಅನಿಸಿಲ್ಲ.

ಹಾಗಾಗಿ ಏಳು ಎಂಬ ಸಂಖ್ಯೆ ನನ್ನನ್ನು ಹೆದರಿಸುವುದಿಲ್ಲ. ನಿಮ್ಮ ಮೂರು ಪುಸ್ತಕಗಳು ಹಾಸಿಗೆಯ ಪಕ್ಕದಲ್ಲಿಯೇ ಇವೆ ಎಂದಿರಲ್ಲ, ನನಗೆ ತೊಂದರೆ ಕಾಣಿಸಿದ್ದು ಅಲ್ಲಿ. ಒಂದು ಜಾಗಕ್ಕೆ ಒಂದೇ ಪುಸ್ತಕವಿರಲಿ. ಒಂದೇ ಹೊತ್ತಿಗೆ ಮೂರು ಕಣ್ಣಿಗೆ ಬಿದ್ದರೆ ಕೈ ಸುಲಭವಾದದ್ದರ ಕಡೆಗೆ ಹೋಗುತ್ತದೆ, ಕಷ್ಟದ್ದು ತಿಂಗಳುಗಟ್ಟಲೆ ಅಡಿಯಲ್ಲಿಯೇ ಉಳಿಯುತ್ತದೆ.

ಎಂಜಲಿನ ಮಾತನ್ನು ಮಾತ್ರ ನಾನು ಒಪ್ಪಲಾರೆ. ಹದಿನಾಲ್ಕು ತಿಂಗಳು ಮುಟ್ಟದೆಯೂ ನಿಮಗೆ ಏನೂ ಕೊರತೆಯೆನಿಸಲಿಲ್ಲವೆಂದರೆ ಆ ಪುಸ್ತಕ ನಿಮ್ಮದಲ್ಲ. ನಾನು ಹೋಗುವ ಗ್ರಂಥಾಲಯದ ಗೋಡೆಯ ಮೇಲೆ ಎಸ್.ಆರ್. ರಂಗನಾಥನ್ ಅವರ ಪಂಚಸೂತ್ರಗಳನ್ನು ಬರೆದಿದ್ದಾರೆ, 1931ರಷ್ಟು ಹಿಂದಿನವು. ಪ್ರತಿ ಓದುಗನಿಗೂ ಅವನ ಪುಸ್ತಕವಿದೆ ಎಂಬುದು ಎರಡನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗನಿದ್ದಾನೆ ಎಂಬುದು ಮೂರನೆಯದು. ಅವರು ಬರೆದದ್ದು ಗ್ರಂಥಪಾಲಕರಿಗಾಗಿ, ಆದರೆ ಮನೆಯ ಕಪಾಟಿಗೂ ಹೊಂದುತ್ತದೆ. ಯಾರಿಗಾದರೂ ಕೊಟ್ಟುಬಿಡಿ.

ಮೂರು ವಾರಗಳ ನಂತರ: ಅರ್ಧಓದು

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಆದದ್ದನ್ನು ತಿಳಿಸುವುದು ಧರ್ಮವೆಂದು ಬರೆಯುತ್ತಿದ್ದೇನೆ. ಹಾಸಿಗೆಯ ಪಕ್ಕದಲ್ಲಿ ಈಗ ‘ಕಾನೂರು ಹೆಗ್ಗಡಿತಿ’ ಒಂದೇ ಇದೆ, ಅರ್ಧ ದಾಟಿದ್ದೇನೆ. ಮದುಮಗಳನ್ನು ಕಪಾಟಿನ ಮೇಲಿನ ಅರೆಗೆ ಏರಿಸಿದ್ದೇನೆ. ಹಾಳೆಯನ್ನೂ ಪೆನ್ಸಿಲನ್ನೂ ಅದರೊಳಗೇ ಇಟ್ಟಿದ್ದೇನೆ. ಚೀಲದಲ್ಲಿ ಸಣ್ಣಕಥೆಗಳ ಸಂಕಲನವಿದೆ. ಮೆಟ್ರೊದಲ್ಲಿ ಒಂದು ಕಥೆ ಸಾಮಾನ್ಯವಾಗಿ ನಾನು ಇಳಿಯುವ ನಿಲ್ದಾಣಕ್ಕಿಂತ ಸ್ವಲ್ಪ ಮುಂಚೆ ಮುಗಿಯುತ್ತದೆ, ಎರಡು ಸಲ ಮಾತ್ರ ಕಥೆ ಮುಗಿಯಲೆಂದು ಮುಂದಿನ ನಿಲ್ದಾಣದವರೆಗೆ ಹೋದೆ. ರಸೀದಿಯ ಬೆನ್ನಿನಲ್ಲಿ ಬರೆಯುವ ಅಭ್ಯಾಸ ನಾಲ್ಕು ದಿನ ನಡೆದು ಐದನೆಯ ದಿನ ತಪ್ಪಿತು. ಊಟದ ಹೊತ್ತಿನಲ್ಲಿ ಕಥೆ ಹೇಳುವುದು ಮಾತ್ರ ತಪ್ಪುವಂತಿಲ್ಲ, ಮನೆಯವರೇ ಕೇಳತೊಡಗಿದ್ದಾರೆ. ಚಂದ್ರಯ್ಯಗೌಡರ ಮೇಲೆ ಅವರಿಗೆ ನನಗಿಂತ ಹೆಚ್ಚು ಕೋಪವಿದೆ.

ಇನ್ನು 212ನೆಯ ಪುಟದ ಪುಸ್ತಕ. ಯಾರಿಗೆ ಕೊಡಲಿ ಎಂದು ಯೋಚಿಸುತ್ತ ಮೊದಲ ಹಾಳೆ ತಿರುಗಿಸಿದರೆ, ಅಲ್ಲಿ ನಮ್ಮ ಕಚೇರಿಯಿಂದ ಹಿಂದಿನ ವರ್ಷ ನಿವೃತ್ತರಾದ ಹಿರಿಯರೊಬ್ಬರ ಸಹಿಯಿತ್ತು. ಪುಸ್ತಕ ಅವರದೇ, ಓದಲು ಕೇಳಿ ತಂದು ನಾನೇ ಮರೆತಿದ್ದೆ. ನಿನ್ನೆ ಮನೆಗೆ ಹೋಗಿ ಒಪ್ಪಿಸಿ ಕ್ಷಮೆ ಕೇಳಿದೆ. ಅವರು ಪುಟ ತಿರುಗಿಸಿ ರಸೀದಿ ನೋಡಿ, “ನಾನೂ ಇದನ್ನು ಅರ್ಧ ಓದಿದ್ದೆ, ಎಲ್ಲಿಗೆ ನಿಲ್ಲಿಸಿದ್ದೆನೋ, ನನ್ನ ಗುರುತು ಏನಾಯಿತು?” ಎಂದು ಕೇಳಿದರು. ನವಿಲುಗರಿಯೊಂದು ಇತ್ತೆಂದು ನೆನಪಿದೆ. ಅದು ನಮ್ಮ ಮನೆಯ ಉಳಿದ ಆರು ಪುಸ್ತಕಗಳಲ್ಲಿ ಯಾವುದರಲ್ಲಿದೆಯೋ ಹುಡುಕುತ್ತಿದ್ದೇನೆ.