ಅಪ್‌ಡೇಟ್: ಮೆಡಿಕಲ್‌ಗೆ ಹಾಸನವಾ, ಚಿಕ್ಕಮಗಳೂರಾ?

ಮೆಡಿಕಲ್ ಸೀಟಿನ ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬೋದು) ಈ ಎರಡರಲ್ಲಿ ಯಾವ ಸರ್ಕಾರಿ ಕಾಲೇಜು ಮೇಲಿಡಬೇಕು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಹಾಸನವನ್ನೇ ಮೇಲಿಟ್ಟಾಯ್ತು, ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಸಿಲಬಸ್, ಪರೀಕ್ಷೆ ಎರಡೂ ಕಡೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿ.ವಿ.ಯದೇ. ಹಾಜರಿಯೂ ಅಷ್ಟೇ: ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80. ವ್ಯತ್ಯಾಸ ಇರೋದು ಸೀನಿಯರ್‌ಗಳಲ್ಲಿ. ಹಾಸನದ ಕಾಲೇಜು 2006ರದ್ದು. ವಾರ್ಡಿನಲ್ಲಿ ಪಿಜಿಗಳು (ಎಂಬಿಬಿಎಸ್ ಮುಗಿಸಿ ಮುಂದೆ ಓದುವವರು), ಇಂಟರ್ನ್‌ಗಳು ಇರ್ತಾರೆ. ಕೇಸ್ ಶೀಟ್ (ರೋಗಿಯ ವಿವರ) ಬರೆಯೋದು, ವೈವಾದಲ್ಲಿ (ಮೌಖಿಕ ಪರೀಕ್ಷೆ) ಯಾವ ಪ್ರಶ್ನೆ ಬೀಳುತ್ತೆ ಅನ್ನೋದೆಲ್ಲ ಕಲಿಯೋದು ಅವರಿಂದಲೇ. ಚಿಕ್ಕಮಗಳೂರಿನದು ಹೊಸ ಕಾಲೇಜು, ಅಲ್ಲಿ ಸೀನಿಯರ್‌ಗಳ ಸಾಲು ಇನ್ನೂ ಚಿಕ್ಕದು.

ಕಾಲೇಜು ನೋಡೋಕೆ ಹೋಗುವವರು ಕಟ್ಟಡಕ್ಕೆ ಮರುಳಾಗಬೇಡಿ (ಹೊಸದು ಚಂದವೇ ಇರುತ್ತೆ). ಬೆಳಿಗ್ಗೆ ಒಪಿಡಿ (ಹೊರರೋಗಿ ವಿಭಾಗ) ಚೀಟಿಯ ಕ್ಯೂ ನೋಡಿ, ಎಷ್ಟು ರೋಗಿಗಳು ಬರ್ತಾರೆ ಅಂತ ಗೊತ್ತಾಗುತ್ತೆ. ಡಿಸೆಕ್ಷನ್ (ಶವ ಕೊಯ್ದು ಕಲಿಯುವ) ಟೇಬಲ್ಲಿಗೆ ಎಷ್ಟು ಜನ ಅಂತ ಮೊದಲ ವರ್ಷದವರನ್ನೇ ಕೇಳಿ. ಗುಂಪು ದೊಡ್ಡದಾದರೆ ಹಿಂದೆ ನಿಂತವರಿಗೆ ನರ ಯಾವುದು, ರಕ್ತನಾಳ ಯಾವುದು ಕಾಣಲ್ಲ. ಇದು ಮುಖ್ಯ, ಯಾಕಂದ್ರೆ ಮೊದಲ ವರ್ಷ ಪಾಸಾಗಲು ಇರೋದು ನಾಲ್ಕೇ ಅವಕಾಶ.