ಆಯಿ ಎದುರು ಮಗಳು ಮಾತಾಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಅಂಕೋಲಾ ಕಡೆಯ ಆರೋಗ್ಯ ಉಪಕೇಂದ್ರವೊಂದರಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯಾಧಿಕಾರಿ). ಹದಿಹರೆಯದವರ ಆರೋಗ್ಯದ ಬಗ್ಗೆ ನಮಗೆ ಒಂದು ದಿನದ ತರಬೇತಿ ಆಗಿದೆ. ಇಡೀ ದಿನ ಸ್ಲೈಡು, ಕೊನೆಗೆ ಚಹಾ. ಮೊನ್ನೆ ಹದಿನೈದರ ಹುಡುಗಿ ಹೊಟ್ಟೆನೋವು ಅಂತ ಬಂದಳು. ಕೇಳಿದ್ದಕ್ಕೆಲ್ಲ ಅವಳ ಆಯಿಯೇ ಉತ್ತರ ಕೊಟ್ಟರು. ಹುಡುಗಿ ನೆಲ ನೋಡುತ್ತ ಕೂತಿದ್ದಳು. ಆಯಿಯನ್ನು ಹೊರಗೆ ಕಳಿಸಲು ನನಗೆ ಧೈರ್ಯ ಬರಲಿಲ್ಲ. ಊರಲ್ಲಿ ಎಲ್ಲರೂ ಪರಿಚಯದವರೇ ಅಲ್ವಾ. ಮುಂದಿನ ತಿಂಗಳು ನಮ್ಮ ಎಎನ್‌ಎಂಗಳಿಗೆ (ಆರೋಗ್ಯ ಸಹಾಯಕಿಯರಿಗೆ) ಇದನ್ನೆಲ್ಲ ನಾನೇ ಕಲಿಸಬೇಕಂತೆ! ಏನು ಕಲಿಸಲಿ?

ಉತ್ತರ (ಮಕ್ಕಳ ವೈದ್ಯ, ಶಿರಸಿ): ಸಿಸ್ಟರ್, ಸ್ಲೈಡು ಪಕ್ಕಕ್ಕಿಡಿ. ಆಯಿಯನ್ನು ಹೊರಗೆ ಕಳಿಸುವುದನ್ನೇ ಅಭ್ಯಾಸ ಮಾಡಿಸಿ. ಒಬ್ಬರು ಆಯಿ, ಒಬ್ಬರು ಮಗಳು, ಒಬ್ಬರು ಎಎನ್‌ಎಂ. ಆಯಿ ಆದವರು ಸುಲಭಕ್ಕೆ ಏಳಬಾರದು. "ನನ್ನ ಮಗಳು ನನ್ನ ಹತ್ರ ಏನೂ ಮುಚ್ಚಿಡಲ್ಲ" ಅಂತ ಹಟ ಹಿಡಿಯಬೇಕು. ಮೊದಲ ಸಲ ಎಲ್ಲರೂ ನಗುತ್ತಾರೆ. ಮೂರನೇ ಸಲಕ್ಕೆ ಮಾತು ಬಾಯಿಗೆ ಕೂರುತ್ತದೆ. ನಾನು ಹೇಳುವುದು ಇಷ್ಟೇ: "ಹತ್ತು ದಾಟಿದ ಎಲ್ಲ ಮಕ್ಕಳ ಹತ್ತಿರವೂ ಐದು ನಿಮಿಷ ಬೇರೆಯಾಗಿ ಮಾತಾಡುತ್ತೇನೆ. ಆಮೇಲೆ ನಿಮ್ಮನ್ನು ಕರೆಯುತ್ತೇನೆ." ಎಲ್ಲರಿಗೂ ಹೀಗೇ ಅಂದರೆ ಅನುಮಾನ ಜಾಸ್ತಿ ಬರುವುದಿಲ್ಲ.

ಹೊಟ್ಟೆನೋವಿನ ಹಿಂದೆ ಮುಟ್ಟಿನ ನೋವು, ಮೂತ್ರದ ಸೋಂಕು, ಪರೀಕ್ಷೆಯ ಭಯ ಇರಬಹುದು. ಕೆಲವೊಮ್ಮೆ ಗರ್ಭವೂ. ಕೊನೆಯ ಮುಟ್ಟು ಯಾವಾಗ ಅಂತ ಆಯಿ ಎದುರು ಕೇಳಿ ಸಿಕ್ಕ ಉತ್ತರವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಕೇಳುವ ಕ್ರಮಕ್ಕೆ 'ಹೆಡ್ಸ್' ಎಂಬ ಪದ್ಧತಿ ಇದೆ. ಮನೆ, ಶಾಲೆ, ಆಟ-ಗೆಳೆಯರು, ಚಟ, ಪ್ರೀತಿ-ಲೈಂಗಿಕತೆ, ಕೊನೆಗೆ ಸಾಯುವ ಯೋಚನೆ. ಹುಡುಗನಿಗೆ "ಗುಟ್ಕಾ ಹಾಕ್ತೀಯಾ?" ಅಂದರೆ ಇಲ್ಲ ಅಂತಾನೆ. "ಬೋಟಿಗೆ ಹೋಗುವ ನಿನ್ನ ಗೆಳೆಯರು ಹಾಕ್ತಾರಾ?" ಅಂತ ಶುರು ಮಾಡಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಮನೆಗೆ ಕಳಿಸಬೇಡಿ. ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಪ್ರಶ್ನೆ: ಯಾರಿಗೂ ಹೇಳಲ್ಲ ಅಂತ ಮಾತು ಕೊಡಬಹುದಾ?

ಉತ್ತರ: ಬೇಡ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಇದೆ. ಹದಿನೆಂಟರ ಒಳಗಿನವಳು "ಪ್ರೀತಿಯಿಂದಲೇ" ಅಂದರೂ ಲೈಂಗಿಕ ಸಂಬಂಧ ಅಪರಾಧವೇ. ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯಬಾರದು. ಹಾಗಾಗಿ ಏನನ್ನು ಗುಟ್ಟಾಗಿ ಇಡುತ್ತೀರಿ, ಏನನ್ನು ಇಡಲಾಗದು ಎಂಬುದನ್ನು ಮೊದಲೇ ಹೇಳಿ. ಎಲ್ಲ ಕೇಳಿಸಿಕೊಂಡು ಆಮೇಲೆ ಕಾನೂನು ತೆಗೆದರೆ ಅದು ಮೋಸ. ತರಬೇತಿಗಳಲ್ಲಿ ಇದನ್ನೇ ಹಾರಿಸಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಪ್ರಶ್ನೆ: ನಮ್ಮದು ಒಂದೇ ಕೋಣೆ ಡಾಕ್ಟ್ರೇ. ಹೊರಗೆ ಮಳೆ. ಆಯಿಯನ್ನು ಎಲ್ಲಿಗೆ ಕಳಿಸಲಿ?

ಉತ್ತರ: ಜಗಲಿ ಇದೆಯಲ್ಲ. ಅಲ್ಲಿ ಕೂರಿಸಿ ಎಎನ್‌ಎಂ ಹತ್ರ ಬಿಪಿ ನೋಡಿಸಿ. ಆಯಿಯ ಬಿಪಿ ಯಾರೂ ನೋಡಿರುವುದಿಲ್ಲ.