ಅಮೆರಿಕದಿಂದ ಬಂದ ಯಂತ್ರಕ್ಕೆ ಯಾವ ಕನ್ವರ್ಟರ್? ಗುಂಪಿನ ಪ್ರಶ್ನೋತ್ತರ

ಬೇಲೂರು: ಸಾರ್, ಮಗಳು ಅಮೆರಿಕದಿಂದ ಹೇರ್ ಸ್ಟ್ರೈಟ್ನರ್ ತಂದಿದ್ದಾಳೆ. ಬರೀ ಪಿನ್ ಬದಲಾಯಿಸಿ ಹಾಕಬಹುದಾ?

ವೈಂಡಿಂಗ್ ಅಂಗಡಿ, ಚಿಕ್ಕಮಗಳೂರು: ಹಿಡಿ ಹತ್ತಿರ ಸಣ್ಣಕ್ಷರದಲ್ಲಿ ಬರೆದಿರುತ್ತೆ, ಓದಿ ಮೇಡಂ. 100–240 ವೋಲ್ಟ್, 50/60 ಹರ್ಟ್ಜ್ ಅಂತಿದ್ದರೆ ಪಿನ್ ಅಡಾಪ್ಟರ್ ಸಾಕು. ಬರೀ 120 ಅಂತಿದ್ದರೆ ನಮ್ಮ 230ಕ್ಕೆ ನೇರ ಹಾಕಬೇಡಿ. ವ್ಯಾಟ್ ಮೂರೂವರೆ ಪಟ್ಟಿಗೂ ಮೇಲೆ ಹೋಗಿ ಕಾಯಿಲ್ ಸುಡುತ್ತೆ.

ಮೂಡಿಗೆರೆ: ಅಣ್ಣ, ಸ್ಯಾಂಪಲ್ ಹುರಿಯೋಕೆ ಅಂತ ಸಣ್ಣ ಕಾಫಿ ರೋಸ್ಟರ್ ತರಿಸಿದ್ದೀವಿ. ಪ್ಲೇಟ್ ಮೇಲೆ 120 ವೋಲ್ಟ್, 60 ಹರ್ಟ್ಜ್, 1500 ವ್ಯಾಟ್ ಅಂತಿದೆ. 2000ದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಆಗುತ್ತಾ?

ವೈಂಡಿಂಗ್ ಅಂಗಡಿ: ಇನ್ನೂ ಪ್ಲಗ್ ಹಾಕಬೇಡಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ, 50 ಹರ್ಟ್ಜನ್ನ 60 ಮಾಡಲ್ಲ. ಹೀಟರಿಗೆ ಅದರಿಂದ ತೊಂದರೆ ಇಲ್ಲ, ನನಗೆ ಭಯ ಇರೋದು ಫ್ಯಾನಿಂದು. ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರಾದರೆ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತೆ. ಹೀಟರ್ ಪೂರ್ತಿ ಕಾಯುತ್ತೆ, ಗಾಳಿ ಮಾತ್ರ ಕಡಿಮೆ. ಬೀಜ ಬಿಟ್ಟ ಹೊಟ್ಟು ಹೊರಗೆ ಹಾರದೆ ಕಾಯಿಲ್ ಹತ್ತಿರ ಕೂತರೆ ಬೆಂಕಿ ಹೊತ್ತುತ್ತೆ. ಟೈಮರ್ ಲೈನಿನ ಹರ್ಟ್ಜ್ ಎಣಿಸೋ ಜಾತಿಯದಾದರೆ 10 ನಿಮಿಷಕ್ಕೆ ಇಟ್ಟಿದ್ದು 12 ನಿಮಿಷ ಓಡುತ್ತೆ. ಮೋಟಾರಿನ ಕೋರೂ (ಒಳಗಿನ ಕಬ್ಬಿಣ) ಸ್ಯಾಚುರೇಟ್ ಆಗಿ, ಅಂದ್ರೆ ಕಾಂತಶಕ್ತಿ ಹಿಡಿಸದೆ, ಗುಂಯ್ ಅಂತ ಕಾಯುತ್ತೆ, ಯಾಕಂದ್ರೆ 50ರಲ್ಲಿ ಅದೇ 120 ಕೊಟ್ಟರೆ ಫ್ಲಕ್ಸ್ (ಕಾಂತದ ಹರಿವು) ಶೇ. 20 ಹೆಚ್ಚು.

ತಳದ ತಗಡು ಬಿಚ್ಚಿ ನೋಡಿ. ಕಾರ್ಬನ್ ಬ್ರಷ್ ಇದ್ದರೆ ಹರ್ಟ್ಜಿನ ಚಿಂತೆ ಇಲ್ಲ, 3000 ವಿಎ (ವೋಲ್ಟ್ × ಆಂಪಿಯರ್) ಟ್ರಾನ್ಸ್‌ಫಾರ್ಮರ್ ತಗೊಂಡು 16 ಆಂಪಿಯರ್ ಸಾಕೆಟ್ಟಿಗೆ ಹಾಕಿ. 120ರ ಬದಿ 12.5 ಆಂಪಿಯರ್ ಹರಿಯುತ್ತೆ, 2.5 ಚದರ ಮಿ.ಮೀ. ವೈರ್ ಬೇಕು. ಬ್ರಷ್ ಇಲ್ಲದೆ ಕೋರಿನ ಮೂಲೆಯಲ್ಲಿ ದಪ್ಪ ತಾಮ್ರದ ಬಳೆ ಕಂಡರೆ ಅದು ಶೇಡೆಡ್ ಪೋಲ್, ಇಂಡಕ್ಷನ್ ಮೋಟಾರಿನದೇ ಒಂದು ಜಾತಿ. ಫೋಟೋ ಹಾಕಿ.

ಅರಸೀಕೆರೆ: ಇಷ್ಟೆಲ್ಲ ಯಾಕೆ? ಫಾರ್ವರ್ಡ್ ಬಂದಿದೆ ನೋಡಿ: "ಸೀರೀಸಲ್ಲಿ ಒಂದು ಡಯೋಡ್ ಹಾಕಿ, 230 ಅರ್ಧವಾಗಿ 115 ಬರುತ್ತೆ."

ವೈಂಡಿಂಗ್ ಅಂಗಡಿ: ಬರಲ್ಲ. ಡಯೋಡ್ ಕರೆಂಟನ್ನ ಒಂದೇ ದಿಕ್ಕಿಗೆ ಬಿಡುತ್ತೆ ಅಷ್ಟೇ. ಆರ್‌ಎಂಎಸ್, ಅಂದ್ರೆ ಕಾಯಿಸೋ ಲೆಕ್ಕದ ವೋಲ್ಟೇಜ್, 163 ಇರುತ್ತೆ, ಪೀಕ್ (ಅಲೆಯ ತುದಿ) 325 ಹಾಗೇ ಉಳಿಯುತ್ತೆ. 120ರ ಹೀಟರ್ 1.8 ಪಟ್ಟು ವ್ಯಾಟ್ ಎಳೆಯುತ್ತೆ, ಇಂಡಕ್ಷನ್ ಮೋಟಾರಿಗೆ ಡಿಸಿ ಹೊಕ್ಕು ವೈಂಡಿಂಗ್ ಸುಡುತ್ತೆ. ದಯವಿಟ್ಟು ಆ ಮೆಸೇಜ್ ಡಿಲೀಟ್ ಮಾಡಿ, ಯಾರಾದರೂ ನಂಬಿ ಮಾಡಿಬಿಡ್ತಾರೆ.

ಆಲೂರು: ಅಮೆರಿಕದ ಸಣ್ಣ ಫ್ರಿಜ್ಜಿಗೆ ಎಷ್ಟು ವಿಎ ಬೇಕು ಸಾರ್?

ಸಕಲೇಶಪುರ: ಜಪಾನಿನ ರೈಸ್ ಕುಕ್ಕರ್, 100 ವೋಲ್ಟ್. ಮನೇಲಿ 110ರ ಸ್ಟೆಪ್‌ಡೌನ್ ಇದೆ.

ವೈಂಡಿಂಗ್ ಅಂಗಡಿ: 100ರದ್ದೇ ತಗೊಳ್ಳಿ. 110ರಲ್ಲಿ ವ್ಯಾಟ್ ಶೇ. 21 ಹೆಚ್ಚಾಗುತ್ತೆ, ಅನ್ನ ತಳ ಹಿಡಿಯುತ್ತೆ.

ಹಾಸನ: ಆನ್‌ಲೈನಲ್ಲಿ ಅಂಗೈಯಗಲದ 1600 ವ್ಯಾಟ್ ಕನ್ವರ್ಟರ್ ಸಿಗುತ್ತೆ. ಭಾರದ ಪೆಟ್ಟಿಗೆ ಯಾಕೆ ಹೊರಬೇಕು?

ಕಡೂರು: ಅದರಲ್ಲಿರೋದು ಟ್ರಯಾಕ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್, ಕರೆಂಟಿನ ಅಲೆ ಕತ್ತರಿಸುತ್ತೆ. ಇಸ್ತ್ರಿಪೆಟ್ಟಿಗೆಗೆ ನಡೆಯುತ್ತೆ, ಮೋಟಾರಿಗೂ ಎಲೆಕ್ಟ್ರಾನಿಕ್ಸಿಗೂ ಬೇಡ.

ಹಾಸನ: ನೀವೇನು ಇಂಜಿನಿಯರಾ? ರಿವ್ಯೂ ಎಲ್ಲ ಚೆನ್ನಾಗಿದೆ.

ಕಡೂರು: ಇಂಜಿನಿಯರ್ ಆಗಬೇಕಿಲ್ಲ ರೀ. ಕಬ್ಬಿಣ, ತಾಮ್ರ ಇಲ್ಲದೆ ಅಷ್ಟು ವ್ಯಾಟ್ ಇಳಿಸೋಕೆ ಬೇರೆ ಹೇಗೆ ಆಗುತ್ತೆ, ನೀವೇ ಹೇಳಿ.

ಹಾಸನ: ಗೊತ್ತಿರೋದೆಲ್ಲ ನಿಮಗೇ ಬಿಡಿ.

ವೈಂಡಿಂಗ್ ಅಂಗಡಿ: ಕಡೂರಿನವರು ಹೇಳಿದ್ದು ಸರಿ. ಜಗಳ ಬೇರೆ ಕಡೆ ಆಡಿ.

ಶೃಂಗೇರಿ: ಲ್ಯಾಪ್‌ಟಾಪ್ ಚಾರ್ಜರಿಗೂ ಕನ್ವರ್ಟರ್ ಬೇಕಾ?

ವೈಂಡಿಂಗ್ ಅಂಗಡಿ: ಬೇಲೂರಿನವರಿಗೆ ಬರೆದಿದ್ದು ಓದಿ.

ಚನ್ನರಾಯಪಟ್ಟಣ: 120 ವೋಲ್ಟಿನ ಮಿಕ್ಸಿ, 600 ವ್ಯಾಟ್?

ವೈಂಡಿಂಗ್ ಅಂಗಡಿ: ಬ್ರಷ್ ಮೋಟಾರಾದರೆ 1200 ವಿಎ. ಡಬಲ್ ವೈಂಡಿಂಗ್ (ಎರಡು ಬೇರೆ ಸುರುಳಿಯದು) ಅಂತ ಕೇಳಿ ತಗೊಳ್ಳಿ, ಆಟೋ (ಒಂದೇ ಸುರುಳಿಯದು) ಬೇಡ. ಸಾಕೆಟ್ಟಲ್ಲಿ ಫೇಸ್–ನ್ಯೂಟ್ರಲ್ ತಿರುಗುಮುರುಗು ಆಗಿದ್ದರೆ ಆಟೋದಲ್ಲಿ ಮಿಕ್ಸಿಯ ಒಂದು ತಂತಿ ಭೂಮಿಗೆ ಹೋಲಿಸಿದರೆ 230 ವೋಲ್ಟ್, ಇನ್ನೊಂದು 115ರ ಹತ್ತಿರ ಇರುತ್ತೆ.

ತರೀಕೆರೆ: ಫೋನ್ ಚಾರ್ಜರಿಗೆ?

ವೈಂಡಿಂಗ್ ಅಂಗಡಿ: ಮೇಲೆ ಇದೆ.

ಮೂಡಿಗೆರೆ: ಅಣ್ಣ, ಫೋಟೋ ಹಾಕಿದ್ದೀನಿ. ಬ್ರಷ್ ಇಲ್ಲ, ತಾಮ್ರದ ಬಳೆ ಇದೆ. ಒಂದ್ಸಲ ಓಡಿಸಿ ನೋಡಲಾ?

ವೈಂಡಿಂಗ್ ಅಂಗಡಿ: ಬೇಡ, ಖಾಲಿನೂ ಓಡಿಸಬೇಡಿ. ಇದೇ ಜಾತಿಯ ಬೇರೆ ಮೋಟಾರ್ ಹಾಕಿಸಿದರೂ 50 ಹರ್ಟ್ಜಿನಲ್ಲಿ ವೇಗ ಅಷ್ಟೇ ಇರುತ್ತೆ, ರೆಕ್ಕೆನೂ ಬದಲಾಗಬೇಕು. ಕೊಟ್ಟವರ ಹತ್ತಿರ 230 ವೋಲ್ಟ್, 50 ಹರ್ಟ್ಜಿನ ಮಾಡೆಲ್ ಕೇಳಿ ಬದಲಾಯಿಸಿಕೊಳ್ಳಿ.

ಮೂಡಿಗೆರೆ: ಆಯ್ತಣ್ಣ, ಇವತ್ತೇ ಬರೀತೀನಿ.

ಆಲೂರು: ಸಾರ್, ಫ್ರಿಜ್ಜಿನ ವಿಷಯ ಕೇಳಿದ್ದೆ...